ನೇರಳೆ ನೀರಿಗಿಳಿದದ್ದು

ಬೇಸಿಗೆಯ ಮಧ್ಯಾಹ್ನ ಕಲ್ಲುಕೋಡಿ ಕೆರೆಯಲ್ಲಿ ನೀರಿಗಿಂತ ಎಮ್ಮೆಗಳೇ ಹೆಚ್ಚು ಕಾಣುತ್ತಿದ್ದವು. ಮೈಯೆಲ್ಲ ನೀರೊಳಗೆ, ಮೇಲೆ ಬರೀ ಮೂಗು, ಕಣ್ಣು, ಕೊಂಬು. ಕೊಂಬಿನ ಪಕ್ಕದಲ್ಲೊಂದು ಬೆಳ್ಳಕ್ಕಿ. ದೂರದಿಂದ ನೋಡಿದವರಿಗೆ ಕೆರೆಯಲ್ಲಿ ಕರಿಬಂಡೆಗಳು ತೇಲುತ್ತಿವೆಯೇನೋ ಅನ್ನಿಸಬೇಕು.

ಮಕ್ಕಳೇ, ಎಮ್ಮೆಗಳು ಸೋಮಾರಿಗಳು, ಅದಕ್ಕೇ ನೀರಲ್ಲಿ ಬಿದ್ದಿರುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೆಕೆಯಾದರೆ ನಾವು ಬೆವರುತ್ತೇವೆ, ಬೆವರಿದರೆ ಮೈ ತಂಪಾಗುತ್ತದೆ. ಎಮ್ಮೆ ಬೆವರುವುದು ತೀರಾ ಕಡಿಮೆ. ಅದರ ಕರಿ ಚರ್ಮ ಬಿಸಿಲನ್ನೆಲ್ಲ ಕುಡಿದು ಒಲೆಯ ಮೇಲಿನ ಕಾವಲಿಯಂತಾಗುತ್ತದೆ. ಹಾಗಾಗಿ ನಡುಹಗಲಲ್ಲಿ ನೀರಿಗಿಳಿಯುವುದು ಅವಕ್ಕೆ ಶೋಕಿಯಲ್ಲ, ಊಟ ನಿದ್ದೆಯಷ್ಟೇ ಅಗತ್ಯ.

ಆ ಹಿಂಡಿನಲ್ಲಿ ಸುರುಳಿ ಎಂಬ ಎಮ್ಮೆ ಇದ್ದಳು. ಕೊಂಬು ಎರಡು ಸುತ್ತು ಸುತ್ತಿಕೊಂಡಿದ್ದರಿಂದ ಆ ಹೆಸರು. ಅವಳದು ಬೆಣ್ಣೆಯಂಥ ಮನಸ್ಸು. ಯಾರ ಕಷ್ಟ ಕಂಡರೂ ಕರಗಿಬಿಡುತ್ತಿದ್ದಳು. ಆದರೆ ಅವಳಲ್ಲಿ ಒಂದು ಕೊರತೆಯಿತ್ತು. ಕಷ್ಟದಲ್ಲಿರುವವರನ್ನು "ನಿನಗೇನು ಬೇಕು?" ಎಂದು ಕೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಕಂಡ ಕೂಡಲೇ ತಾನೇ ಒಂದು ಉಪಾಯ ಹುಡುಕಿ, ತಾನೇ ಮಾಡಿ ಮುಗಿಸುತ್ತಿದ್ದಳು. ಒಮ್ಮೆ ಒಂದು ಆಮೆ ಮೊಟ್ಟೆಯಿಡಲೆಂದು ಬೆಳಗಿನಿಂದ ಏದುಸಿರು ಬಿಡುತ್ತಾ ಏರಿ ಹತ್ತುತ್ತಿತ್ತು. ಸುರುಳಿ, "ಅಯ್ಯೋ ಪಾಪ, ದಾರಿ ತಪ್ಪಿದ್ದೀಯಲ್ಲ" ಎಂದು ಅದನ್ನು ಮೂತಿಯಿಂದ ನೂಕಿ ನೂಕಿ ಮತ್ತೆ ನೀರಿಗೆ ಹಾಕಿದಳು. ಆಮೆ ಏನು ಹೇಳಿತು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಸುರುಳಿಯ ಅಕ್ಕನ ಹೆಸರು ಕಾಡಿಗೆ. ಕಾಡಿಗೆಯ ಹಿರಿಮಗಳು ನೇರಳೆ. ನೇರಳೆಗೆ ಆಗಷ್ಟೇ ಎರಡು ಹಲ್ಲು ಬಂದಿದ್ದವು. ಅಮ್ಮನ ಬಾಲ ಹಿಡಿದು ಓಡುವ ಕರುವಲ್ಲ, ಕರು ಹಾಕಿದ ದೊಡ್ಡ ಎಮ್ಮೆಯೂ ಅಲ್ಲ. ಅಂಥವರನ್ನು ಮಣಕ ಎನ್ನುತ್ತಾರೆ. ಮಣಕಗಳಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂಬ ಗುಮಾನಿ ಯಾವಾಗಲೂ ಇರುತ್ತದೆ. ನೇರಳೆಗೂ ಇತ್ತು. ಆದರೂ ಅವಳು ಕೆರೆಯ ಒಳ್ಳೆಯ ಈಜುಗಾತಿ. ಈ ದಡದಿಂದ ಆ ದಡಕ್ಕೆ ಮೂತಿ ಮೇಲೆತ್ತಿ ನೆಟ್ಟಗೆ ಹೋಗಿಬರುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಕೊಟ್ಟಿಗೆಯ ಪಕ್ಕದ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಗಾಳಿ ಬಂತು. ಉರಿಯುತ್ತಿದ್ದ ಹುಲ್ಲಿನ ದೊಡ್ಡ ಕಟ್ಟೊಂದು ಉರುಳಿ ನೇರಳೆಯ ಮೈಮೇಲೆ ಬಿತ್ತು. ಹಗ್ಗ ಕಿತ್ತುಕೊಂಡು ಹೊರಗೋಡಿದ್ದರಿಂದ ಜೀವ ಉಳಿಯಿತು. ಆದರೆ ಬಲಗಡೆ, ಕತ್ತಿನಿಂದ ಪಕ್ಕೆಯವರೆಗೂ ಚರ್ಮ ಸುಟ್ಟಿತ್ತು.

ಎರಡು ತಿಂಗಳು ಔಷಧಿ, ಬೇವಿನೆಣ್ಣೆ, ಅರಿಶಿನ. ಗಾಯ ಮಾಗಿತು. ಮಾಗಿದ ಜಾಗ ಮಾತ್ರ ಮೊದಲಿನಂತಾಗಲಿಲ್ಲ. ಕೂದಲು ಬರಲಿಲ್ಲ, ಕಪ್ಪೂ ಬರಲಿಲ್ಲ. ಕಾದ ಹಾಲಿನ ಕೆನೆ ಸುಕ್ಕುಗಟ್ಟಿದಂತೆ, ತಿಳಿಗೆಂಪು ಬಣ್ಣದಲ್ಲಿ ಮುದುಡಿ ನಿಂತಿತು. ಕರಿಮೈಯ ಮೇಲೆ ಅದು ದೂರದಿಂದಲೇ ಕಾಣುತ್ತಿತ್ತು.

ವಾಸಿಯಾದ ಮೇಲೆ ನೇರಳೆ ಮೊದಲ ಸಲ ಕೆರೆಗೆ ಬಂದಳು. ನೀರಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅವಳದೇ ವಯಸ್ಸಿನ ದುಂಡ ಎಂಬ ಕೋಣ ಬಾಯಿಗೆ ಬಂದದ್ದನ್ನು ಹೇಳಿಬಿಡುವವನು.

"ಏನೇ ನೇರಳೆ, ಯಾರ ಮನೆ ಎತ್ತಿಗೆ ಜ್ವರ ಬಂದಿತ್ತು?" ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮಗೂ ಗೊತ್ತಲ್ಲ. ಎಲ್ಲರೂ ನಕ್ಕರು. ನೇರಳೆಯೂ ನಕ್ಕಳು. ನಗದಿದ್ದರೆ ಇನ್ನೂ ನೋಡುತ್ತಾರಲ್ಲ, ಅದಕ್ಕೆ. ಆಮೇಲೆ ಬಲಮಗ್ಗುಲನ್ನು ಏರಿಯ ಕಡೆಗೆ ಮಾಡಿಕೊಂಡು ಸ್ವಲ್ಪ ಹೊತ್ತು ಮೊಣಕಾಲುದ್ದ ನೀರಲ್ಲಿ ನಿಂತು ಮನೆಗೆ ಹೋದಳು.

ಮರುದಿನದಿಂದ ಅವಳು ನೀರಿಗಿಳಿಯಲಿಲ್ಲ. ದಡದ ಮೇಲಿದ್ದ ಜಾಲಿಮರದ ಕೆಳಗೆ ನಿಲ್ಲತೊಡಗಿದಳು. ಕೇಳಿದವರಿಗೆ ಒಂದು ದಿನ "ಹೊಟ್ಟೆ ಸರಿಯಿಲ್ಲ" ಎಂದಳು, ಇನ್ನೊಂದು ದಿನ "ನೀರು ಕೊಳಕಾಗಿದೆ" ಎಂದಳು, ಮತ್ತೊಂದು ದಿನ "ನನಗೆ ಸೆಕೆಯೇ ಆಗ್ತಿಲ್ಲ" ಎಂದಳು. ಜಾಲಿಮರದ ನೆರಳು ಎಷ್ಟಿರುತ್ತದೆ ಎಂಬುದು ಅದರ ಕೆಳಗೆ ನಿಂತವರಿಗೇ ಗೊತ್ತು. ಜರಡಿ ಹಿಡಿದ ಹಾಗೆ.

ಕಾಡಿಗೆ ಆಗ ಹೊಸ ಕರು ಹಾಕಿದ್ದಳು. ಕೊಟ್ಟಿಗೆ ಬಿಟ್ಟು ಬರುವಂತಿರಲಿಲ್ಲ. ತಂಗಿಯನ್ನು ಕರೆದು ಹೇಳಿದಳು. "ಸುರುಳಿ, ಆ ಹುಡುಗಿ ಸಾಯಂಕಾಲ ಬರುವಾಗ ಮೈ ಕೆಂಡವಾಗಿರುತ್ತೆ. ಸುಟ್ಟ ಚರ್ಮ ಎಳೇದು, ಬಿಸಿಲಿಗೆ ಬಿರಿಯೋಕೆ ಶುರುವಾಗಿದೆ. ನೀರಿಗೆ ಹೋಗೇ ಅಂದರೆ ಮುಖ ತಿರುಗಿಸ್ತಾಳೆ. ನೀನು ಸ್ವಲ್ಪ ನೋಡ್ಕೋ."

"ಅಷ್ಟೇ ತಾನೆ ಅಕ್ಕ? ಅದನ್ನ ನನಗೆ ಬಿಡು" ಎಂದಳು ಸುರುಳಿ.

ಮೊದಲು ಅವಳು ಮಾತಿನಿಂದಲೇ ಕೆಲಸ ಮುಗಿಸಲು ನೋಡಿದಳು. ಜಾಲಿಮರದ ಹತ್ತಿರ ಹೋಗಿ, "ನೇರಳೆ, ನೀನು ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೀ. ಏನೂ ಕಾಣಲ್ಲ ಕಣೇ" ಎಂದಳು.

"ಯಾವುದು ಕಾಣಲ್ಲ ಚಿಕ್ಕಮ್ಮ?" ಎಂದಳು ನೇರಳೆ.

"ಅದೇ."

"ಯಾವುದು?"

ಸುರುಳಿ ತಡವರಿಸಿದಳು. ಯಾವುದು ಎಂದು ಹೇಳಿದರೆ ಅದು ಕಾಣುತ್ತದೆ ಎಂದೇ ಅರ್ಥ. ಹೇಳದಿದ್ದರೆ ಮಾತು ಮುಂದೆ ಹೋಗದು. "ಅಂತೂ ಏನೂ ಇಲ್ಲ ಬಿಡು" ಎಂದು ಬಾಲ ಬೀಸುತ್ತಾ ವಾಪಸಾದಳು.

ಆ ಸಂಜೆ ಮೆಲುಕು ಹಾಕುತ್ತಾ ಯೋಚಿಸಿದಳು. ಕಾಣುವುದೇ ತೊಂದರೆಯಾದರೆ ಕಾಣದ ಹಾಗೆ ಮಾಡಿದರಾಯಿತು. ಇಷ್ಟು ಸುಲಭದ ಉಪಾಯ ಬೆಳಗ್ಗೆಯೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ನೇರಳೆಯನ್ನು ಕೆರೆಯ ಹಿಂಬದಿಗೆ ಕರೆದುಕೊಂಡು ಹೋದಳು. ಅಲ್ಲಿ ಕರಿ ಜೇಡಿಮಣ್ಣಿನ ಕೆಸರಿತ್ತು. "ಬಲಗಡೆ ತಿರುಗಿ ಉರುಳು" ಎಂದಳು. ನೇರಳೆ ಉರುಳಿದಳು. ಉಳಿದ ಕಡೆ ಸುರುಳಿಯೇ ಮೂತಿಯಿಂದ ಮೆತ್ತಿದಳು. ಕತ್ತು, ಭುಜ, ಪಕ್ಕೆ, ಎಲ್ಲ ಒಂದೇ ಬಣ್ಣವಾಯಿತು. ನೇರಳೆ ತಲೆ ತಿರುಗಿಸಿ ತನ್ನ ಮೈ ನೋಡಿಕೊಂಡಳು. ಬಹಳ ದಿನಗಳ ಮೇಲೆ ಅವಳ ಕಿವಿ ನೆಟ್ಟಗಾದವು.

"ಈಗ ನಡಿ" ಎಂದಳು ಸುರುಳಿ.

ನೇರಳೆ ತಲೆಯೆತ್ತಿಕೊಂಡು ಕೆರೆಗೆ ಬಂದಳು. ಯಾರೂ ಏನೂ ಅನ್ನಲಿಲ್ಲ. ಮೊಣಕಾಲುದ್ದ ಬಂದಳು, ಹೊಟ್ಟೆಯುದ್ದ ಬಂದಳು, ಆಹಾ ಎಂದು ಕಣ್ಣು ಮುಚ್ಚಿ ಕತ್ತಿನವರೆಗೂ ಇಳಿದಳು.

ಮಕ್ಕಳೇ, ಜೇಡಿಮಣ್ಣು ನೀರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಸುರುಳಿಗೆ ಅದು ನೆನಪಾಗಲಿಲ್ಲ. ನೇರಳೆಯ ಸುತ್ತ ನೀರು ಕದಡಿ ಕಪ್ಪಾಯಿತು. ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿಕೊಂಡಿತು. ಪಕ್ಕದಲ್ಲೇ ಬೊಟ್ಟಿ ಎಂಬ ಪುಟ್ಟ ಎಮ್ಮೆಗರು ಆಡುತ್ತಿದ್ದಳು. ಅವಳಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಕಂಡದ್ದನ್ನು ಹೇಳಿದಳು.

"ಅಮ್ಮಾ, ಇಲ್ಲಿ ನೋಡು. ನೇರಳಕ್ಕನ ಬಣ್ಣ ಬಿಡ್ತಾ ಇದೆ."

ಹನ್ನೊಂದು ಜೊತೆ ಕಣ್ಣು ತಿರುಗಿದವು. ನೇರಳೆ ನೀರಿನಿಂದ ಎದ್ದಳು. ಅರ್ಧ ಮಣ್ಣು, ಅರ್ಧ ಕಲೆ, ಮೈಯಿಂದ ಕಪ್ಪು ನೀರು ಸುರಿಯುತ್ತಿತ್ತು. ಹಾಗೇ ಏರಿ ಹತ್ತಿ ಹೋದಳು.

ಸುರುಳಿ ಎರಡು ಹೆಜ್ಜೆ ಅವಳ ಹಿಂದೆ ಹೋಗಿ ನಿಂತಳು. ಆದರೆ ತಪ್ಪು ಎಲ್ಲಿ ಎಂದು ಯೋಚಿಸುವ ಬದಲು, ಮುಂದಿನ ಉಪಾಯ ಏನು ಎಂದೇ ಯೋಚಿಸಿದಳು. ಮುಚ್ಚುವುದು ಆಗಲಿಲ್ಲ. ಸರಿ, ನೋಡುವವರ ಕಣ್ಣನ್ನೇ ಕಟ್ಟೋಣ.

ನೇರಳೆ ಹೋದ ಮೇಲೆ ಅವಳು ಒಬ್ಬೊಬ್ಬರ ಹತ್ತಿರವೂ ಈಜಿ ಹೋದಳು. ದುಂಡನಿಗೆ ಹೇಳಿದಳು, ಬೊಟ್ಟಿಯ ಅಮ್ಮನಿಗೆ ಹೇಳಿದಳು, ಬೆಳ್ಳಕ್ಕಿಗಳಿಗೆ ಹೇಳಿದಳು. ಕಲ್ಲಿನ ಸಂದಿಯಲ್ಲಿದ್ದ ಕಪ್ಪೆಗಳನ್ನೂ ಬಿಡಲಿಲ್ಲ. "ನಾಳೆ ಅವಳು ಬಂದರೆ ಯಾರೂ ನೋಡಬಾರದು. ಯಾರೂ ತುಟಿ ಪಿಟಕ್ ಅನ್ನಬಾರದು. ನೋಡಿದರೆ ನನ್ನ ಕೊಂಬು ನಿಮಗೆ ಗೊತ್ತಲ್ಲ."

"ನೋಡದೆ ಇರೋದು ಹೇಗೆ ಸುರುಳತ್ತೆ? ಕಣ್ಣು ಅದರಷ್ಟಕ್ಕೇ ಹೋಗುತ್ತಲ್ಲ" ಎಂದ ದುಂಡ.

"ಆ ಕಡೆ ತಿರುಗಿ ನಿಂತ್ಕೋ."

ಮರುದಿನ ಅವಳು ನೇರಳೆಯನ್ನು ಕಾಡಿ ಬೇಡಿ ಕರೆತಂದಳು. "ಇವತ್ತು ಯಾರೂ ಏನೂ ಅನ್ನಲ್ಲ, ನೋಡ್ತಾ ಇರು" ಎಂದಳು. ಇಬ್ಬರೂ ಏರಿಯ ಮೇಲೆ ಬಂದು ನಿಂತರು.

ಕೆರೆಯಲ್ಲಿ ಹನ್ನೊಂದು ಎಮ್ಮೆಗಳೂ ಸಾಲಾಗಿ ನಿಂತಿದ್ದವು. ಎಲ್ಲರ ಹಿಂಭಾಗವೂ ಈ ಕಡೆಗೆ, ಮುಖ ಆಚೆ ದಡಕ್ಕೆ. ಬಾಲ ಕೂಡ ಅಲ್ಲಾಡುತ್ತಿಲ್ಲ. ಬೆಳ್ಳಕ್ಕಿಗಳು ಆಕಾಶ ನೋಡುತ್ತಿವೆ. ಕಪ್ಪೆಗಳ ಸದ್ದಿಲ್ಲ.

ನೇರಳೆ ಒಂದು ಗಳಿಗೆ ನೋಡಿದಳು. "ಯಾರಾದರೂ ತೀರಿಕೊಂಡರಾ ಚಿಕ್ಕಮ್ಮ?"

"ಇಲ್ಲ, ಇಲ್ಲ. ಎಲ್ಲರೂ ಸುಮ್ಮನೆ..." ಎಂದಳು ಸುರುಳಿ.

ನೇರಳೆಗೆ ಅರ್ಥವಾಯಿತು. "ನೀನು ಎಲ್ಲರಿಗೂ ಹೇಳಿದ್ದೀಯ" ಎಂದಳು.

"ನಿನ್ನ ಒಳ್ಳೇದಕ್ಕೇ ಕಣೇ."

"ಮೊದಲು ಅವರು ನೋಡ್ತಾ ಇದ್ದರು. ಈಗ ನೋಡೋಕೇ ಆಗದಷ್ಟು ಅಸಹ್ಯ ಅಂತ ಆಯ್ತು" ಎಂದಳು ನೇರಳೆ. ಅವಳ ದನಿ ಏರಲಿಲ್ಲ. ತಿರುಗಿ ಹೊರಟುಹೋದಳು.

ಆ ದಿನದಿಂದ ಅವಳು ಜಾಲಿಮರದ ಹತ್ತಿರಕ್ಕೂ ಬರಲಿಲ್ಲ. ಊರಾಚೆಯ ಕಲ್ಲುದಿಬ್ಬದ ಮೇಲೆ ನಿಲ್ಲತೊಡಗಿದಳು. ಅಲ್ಲಿ ಕೆರೆ ಕಾಣುತ್ತಿರಲಿಲ್ಲ, ಕೆರೆಯಲ್ಲಿದ್ದವರಿಗೆ ಅವಳೂ ಕಾಣುತ್ತಿರಲಿಲ್ಲ. ನೆರಳಿನ ಹೆಸರೂ ಇರಲಿಲ್ಲ. ನಾಲ್ಕು ದಿನ ಕಳೆಯಿತು. ಐದನೆಯ ದಿನ ಕಲೆಯ ಮೇಲೆ ಎರಡು ಕಡೆ ಚರ್ಮ ಬಿರಿದು ರಕ್ತ ಜಿನುಗಿತು. ನೊಣ ಮುತ್ತಿದವು. ರಾತ್ರಿ ಅವಳು ಮೇವು ಮುಟ್ಟಲಿಲ್ಲ. ಕಾಡಿಗೆ ಕರುವನ್ನು ನೆಕ್ಕುತ್ತಾ ನೆಕ್ಕುತ್ತಾ ದೊಡ್ಡ ಮಗಳ ಕಡೆ ನೋಡಿದಳು. ಆಮೇಲೆ ತಂಗಿಯ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಸುರುಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ನಡುಹಗಲು ಎಲ್ಲರೂ ಕೆರೆಗೆ ಹೊರಟಾಗ ಸುರುಳಿ ಕಲ್ಲುದಿಬ್ಬಕ್ಕೆ ಹೋದಳು. ಹೋಗುವ ದಾರಿಯಲ್ಲಿ ಹೊಸ ಉಪಾಯ ಒಂದನ್ನು ಹೊಸೆಯುತ್ತಲೇ ಇದ್ದಳು. ಜೊಂಡುಹುಲ್ಲನ್ನು ಮೈಮೇಲೆ ಹೊದಿಸಿದರೆ ಹೇಗೆ? ಆದರೆ ದಿಬ್ಬದ ಮೇಲೆ ತಲುಪುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು. ಅವಳೂ ಎಮ್ಮೆಯೇ ತಾನೆ? ನಡುಬಿಸಿಲಲ್ಲಿ ನೀರಿಲ್ಲದೆ ನಿಂತು ಅಭ್ಯಾಸವಿಲ್ಲ. ಕಲ್ಲಿನ ಕಾವು ಗೊರಸಿನಿಂದ ಮೇಲೇರಿತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಹೇಳಬೇಕೆಂದಿದ್ದ ಮಾತೆಲ್ಲ ಅಲ್ಲೇ ಉಳಿಯಿತು.

ಅವಳು ನೇರಳೆಯ ಪಕ್ಕದಲ್ಲಿ ಸುಮ್ಮನೆ ನಿಂತಳು.

ಸುರುಳಿಯ ಬೆನ್ನು ಸುಡುತ್ತಿತ್ತು. ಆಗ ಅವಳಿಗೆ ಹೊಳೆಯಿತು, ಏಟೂ ಗಾಯವೂ ಇಲ್ಲದ ತನ್ನ ದಪ್ಪ ಚರ್ಮಕ್ಕೇ ಹೀಗಾದರೆ, ಈ ಹುಡುಗಿಯ ಎಳೆ ಚರ್ಮ ಇಷ್ಟು ದಿನ ಇದನ್ನೇ ತಿಂದಿದೆ. ಇಷ್ಟು ನೋವು ತಿಂದರೂ ಪರವಾಗಿಲ್ಲ, ಕೆರೆಗೆ ಮಾತ್ರ ಬರಲಾರೆ ಅನ್ನಿಸಬೇಕಾದರೆ ಅಲ್ಲಿ ಇವಳಿಗೆ ಆಗುವ ಸಂಕಟ ಎಷ್ಟಿರಬೇಕು. ಅದನ್ನು ತಾನು ಒಂದು ದಿನವೂ ಕೇಳಲಿಲ್ಲ.

ಕೊನೆಗೆ ನೇರಳೆಯೇ ಬಾಯಿಬಿಟ್ಟಳು. "ನೀನು ಕೆರೆಗೆ ಹೋಗು ಚಿಕ್ಕಮ್ಮ. ನಿನಗೆ ಈ ಬಿಸಿಲು ತಡೆಯಲ್ಲ."

ಸುರುಳಿ ಕಷ್ಟಪಟ್ಟು ನಾಲಗೆ ಹೊರಳಿಸಿದಳು. "ನಾನು ಮಾಡಿದ್ದೆಲ್ಲ ತಪ್ಪಾಯ್ತು. ಈಗ ಏನು ಮಾಡಿದರೆ ನಿನಗೆ ಸರಿಹೋಗುತ್ತೆ, ನೀನೇ ಹೇಳು."

ನೇರಳೆ ಅವಳ ಮುಖ ನೋಡಿದಳು. ಇದು ಹೊಸ ಉಪಾಯದ ಮುನ್ನುಡಿಯೋ ಏನೋ ಎಂದು ಕಾದಳು. ಸುರುಳಿ ಮುಂದೇನೂ ಹೇಳಲಿಲ್ಲ.

"ನೋಡಿದರೆ ನೋಡಲಿ ಚಿಕ್ಕಮ್ಮ" ಎಂದಳು ನೇರಳೆ. "ನನ್ನ ಮೈಮೇಲೆ ಹೊಸದೇನೋ ಇದೆ, ನೋಡೇ ನೋಡ್ತಾರೆ. ನಾನಾದರೂ ನೋಡ್ತಿದ್ದೆ. ನನಗೆ ಆಗದೇ ಇರೋದು ಅದಲ್ಲ. ಏರಿಯಿಂದ ನೀರಿನವರೆಗೆ ಇಳಿಜಾರು ಇದೆಯಲ್ಲ, ಅದು. ಅವರೆಲ್ಲ ಮೊದಲೇ ನೀರಲ್ಲಿ ಕೂತಿರ್ತಾರೆ. ಮಾಡೋಕೆ ಬೇರೆ ಕೆಲಸ ಇರಲ್ಲ. ನಾನೊಬ್ಬಳೇ ಅಷ್ಟು ದೂರ ಎಲ್ಲರ ಎದುರಿಗೆ ಇಳಿದು ಬರಬೇಕು. ಒಂದೊಂದು ಹೆಜ್ಜೆಗೂ ಕಾಲು ಹಿಂದಕ್ಕೆ ಹೋಗುತ್ತೆ. ನೀರಿಗೆ ಬಿದ್ದ ಮೇಲೆ ಅಷ್ಟು ಕಷ್ಟ ಇಲ್ಲ."

ಸುರುಳಿ ಕೇಳಿದಳು. ಕಾಣುವುದು, ಮುಚ್ಚುವುದು, ತಿರುಗಿಸುವುದು ಎಂದು ತಾನು ಎಲ್ಲೆಲ್ಲೋ ಹುಡುಕಿದ ತೊಂದರೆ ಬರೀ ಒಂದು ಇಳಿಜಾರಿನಲ್ಲಿತ್ತು.

"ಹಾಗಾದರೆ ಬೇರೆಯವರಿಗಿಂತ ಮುಂಚೆ ಹೋದರೆ?" ಎಂದಳು. ಹೇಳಿಬಿಟ್ಟ ಮೇಲೆ ಹೆದರಿ, "ನಿನಗೆ ಒಪ್ಪಿಗೆ ಇದ್ದರೆ" ಎಂದು ಸೇರಿಸಿದಳು.

"ಅದನ್ನೇ ನಾನೂ ಯೋಚಿಸ್ತಿದ್ದೆ" ಎಂದಳು ನೇರಳೆ. "ಆದರೆ ಒಬ್ಬಳೇ ಹೋಗೋಕೆ ಮನಸ್ಸಿಲ್ಲ."

"ನಾನು ಬರ್ತೀನಿ. ನಿನ್ನ ಬಲಗಡೆ ನಡೀಲಾ?"

"ಬೇಡ. ಬಲಗಡೆ ನಡೆದರೆ ಅಡ್ಡ ಹಿಡಿದ ಹಾಗಾಗುತ್ತೆ. ಎಡಗಡೆ ಬಾ." ಮತ್ತೆ ಹೇಳಿದಳು, "ಇನ್ನೊಂದು ಮಾತು. ಯಾರಾದರೂ ಕೇಳಿದರೆ ನಾನೇ ಹೇಳ್ತೀನಿ. ನೀನು ನಡುವೆ ಬಾಯಿ ಹಾಕಬಾರದು."

ಸುರುಳಿಗೆ ಬಿಸಿಲಲ್ಲಿ ನಿಲ್ಲುವುದಕ್ಕಿಂತ ಇದೇ ಕಷ್ಟದ್ದು ಅನ್ನಿಸಿತು. "ಆಗಲಿ" ಎಂದಳು.

ಗಾಯದ ಬಿರುಕು ಕೂಡುವ ತನಕ ನಾಲ್ಕು ದಿನ ನೇರಳೆ ಕೊಟ್ಟಿಗೆಯ ನೆರಳಲ್ಲೇ ಇದ್ದಳು. ಐದನೆಯ ದಿನ ಎಲ್ಲರೂ ಗೋಮಾಳದಲ್ಲಿ ಮೇಯುತ್ತಿರುವಾಗ, ಇಬ್ಬರೂ ಮೇವು ಅರ್ಧಕ್ಕೇ ಬಿಟ್ಟು ಕೆರೆಗೆ ಬಂದರು. ಅಲ್ಲಿ ಒಂದು ಬೆಳ್ಳಕ್ಕಿ ಬಿಟ್ಟರೆ ಯಾರೂ ಇಲ್ಲ. ಸುರುಳಿ ಎಡಗಡೆ ನಡೆದಳು. ನೇರಳೆ ಇಳಿಜಾರು ಇಳಿದು, ನೀರಿನ ಅಂಚಿನಲ್ಲಿ ಒಂದು ಸಲ ನಿಂತು, ಒಳಗೆ ಹೋದಳು.

ಹೊಸ ಚರ್ಮಕ್ಕೆ ನೀರು ತಾಗಿದಾಗ ಮೊದಲು ಚುರುಗುಟ್ಟಿತು. ಅವಳು ಹಲ್ಲು ಕಚ್ಚಿದಳು. ಆಮೇಲೆ ಬಿಗಿದುಕೊಂಡಿದ್ದ ಪಕ್ಕೆ ನಿಧಾನವಾಗಿ ಸಡಿಲವಾಯಿತು. ಎಷ್ಟೋ ದಿನದಿಂದ ಒಂದೇ ಸಮ ಉರಿಯುತ್ತಿದ್ದದ್ದು ನಿಂತಿತು. ಅವಳು ಮೂಗಿನವರೆಗೂ ಮುಳುಗಿ ಉಸಿರು ಬಿಟ್ಟಳು.

"ಹೇಗಿದೆ?" ಎಂದಳು ಸುರುಳಿ.

"ತಣ್ಣಗಿದೆ."

ಸ್ವಲ್ಪ ಹೊತ್ತಿಗೆ ಹಿಂಡು ಏರಿಯ ಮೇಲೆ ಕಾಣಿಸಿತು. ಈಗ ಇಳಿದು ಬರಬೇಕಾದವರು ಅವರು, ಕೂತು ನೋಡುವವಳು ನೇರಳೆ. ಅವಳಿಗೆ ಅದು ತಮಾಷೆಯೆನಿಸಿತು. ದುಂಡನಿಗೆ ಮಾತ್ರ ಫಜೀತಿಯಾಯಿತು. ಸುರುಳತ್ತೆ ನೋಡಬೇಡ ಎಂದಿದ್ದನ್ನು ಅವನು ಮರೆತಿರಲಿಲ್ಲ. ನೋಡದೆ ನೀರಿಗಿಳಿಯಲು ಹೋಗಿ ಕಲ್ಲು ಎಡವಿ ಮುಗ್ಗರಿಸಿದ.

"ಕಣ್ಣು ಬಿಟ್ಕೊಂಡು ನಡಿಯೋ" ಎಂದಳು ನೇರಳೆ.

ಬೊಟ್ಟಿ ನೇರವಾಗಿ ಅವಳ ಹತ್ತಿರ ಈಜಿ ಬಂದಳು. ಬಲಗಡೆಗೇ ಬಂದಳು. ಚಿಕ್ಕವರಿಗೆ ಬಳಸುದಾರಿ ಗೊತ್ತಿರುವುದಿಲ್ಲ.

"ನೇರಳಕ್ಕ, ಅದೇನು?"

ಸುರುಳಿಯ ಬಾಯಿ ತೆರೆಯಿತು. ಹೇಳಲು ಅವಳ ಹತ್ತಿರ ನಾಲ್ಕು ಮಾತು ಸಿದ್ಧವಾಗಿದ್ದವು. ಒಂದು ಬೈಗಳು, ಒಂದು ಸುಳ್ಳು, ಎರಡು ಸಮಾಧಾನ. ನೇರಳೆ ಅವಳ ಕಡೆ ಒಂದು ಸಲ ನೋಡಿದಳು. ಸುರುಳಿ ಮೂತಿಯನ್ನು ಪೂರ್ತಿ ನೀರಿನೊಳಗೆ ಮುಳುಗಿಸಿದಳು. ಅಲ್ಲಿಂದ ಗುಳ್ಳೆಗಳಷ್ಟೇ ಬಂದವು.

"ಬಣವೆಗೆ ಬೆಂಕಿ ಬಿದ್ದಿತ್ತು. ಉರಿಯೋ ಹುಲ್ಲು ನನ್ನ ಮೇಲೆ ಬಿತ್ತು. ಸುಟ್ಟ ಗಾಯ ಅದು, ಈಗ ವಾಸಿಯಾಗಿದೆ" ಎಂದಳು ನೇರಳೆ.

"ನೋವಾಗುತ್ತಾ?"

"ಬಿಸಿಲಿಗೆ ಉರಿಯುತ್ತೆ. ನೀರಲ್ಲಿ ಇಲ್ಲ."

"ಮತ್ತೆ ಕಪ್ಪಗಾಗುತ್ತಾ?"

"ಗೊತ್ತಿಲ್ಲ. ಬಹುಶಃ ಇಲ್ಲ."

"ಮೂತಿ ತಾಗಿಸಿ ನೋಡಲಾ?"

"ಬೇಡ."

"ಸರಿ" ಎಂದಳು ಬೊಟ್ಟಿ. ಕೇಳಬೇಕಾದ್ದು ಮುಗಿದಿತ್ತು. ಅಲ್ಲೊಂದು ನೀರುಹಕ್ಕಿ ಮುಳುಗಿ ಎದ್ದಿತು, ಅದರ ಹಿಂದೆ ಹೋದಳು.

ಸುತ್ತ ಇದ್ದವರೆಲ್ಲ ಈ ಮಾತು ಕೇಳಿಸಿಕೊಂಡಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಕೆಲಸ ತಪ್ಪಿತು. ಬೊಟ್ಟಿಯ ಅಮ್ಮ, "ನಮ್ಮ ಬಣವೆನೂ ಕೊಟ್ಟಿಗೆಗೆ ತೀರಾ ಹತ್ತಿರ ಇದೆ ನೋಡು" ಎಂದಳು. ಮಾತು ಬಣವೆಗಳ ಕಡೆ ತಿರುಗಿತು. ಆಮೇಲೆ ಮೇವಿನ ಕಡೆಗೆ, ಆಮೇಲೆ ಮಳೆ ಯಾವಾಗ ಬರುತ್ತದೋ ಎಂಬಲ್ಲಿಗೆ.

ದುಂಡ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಸುಳಿದ. ಕೊನೆಗೆ ಹತ್ತಿರ ಬಂದ. "ಆವತ್ತು ನಾನು ಎತ್ತಿನ ಜ್ವರ ಅಂದೆನಲ್ಲ. ತಮಾಷೆಗೆ ಅಂದಿದ್ದು."

"ಗೊತ್ತು. ಇನ್ನು ಮೇಲೆ ಅನ್ನಬೇಡ" ಎಂದಳು ನೇರಳೆ.

"ಇಲ್ಲ."

ಅಷ್ಟಕ್ಕೇ ಅದು ಮುಗಿಯಿತು.

ಆದರೆ ಮಕ್ಕಳೇ, ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಮೊದಲ ಕೆಲವು ದಿನ ನೇರಳೆ ಎಲ್ಲರಿಗಿಂತ ಮುಂಚೆ ನೀರಿಗಿಳಿದು, ಎಲ್ಲರೂ ಹೋದ ಮೇಲೆ ಏಳುತ್ತಿದ್ದಳು. ಸುರುಳಿಯೂ ಅಷ್ಟು ಹೊತ್ತು ಜೊತೆಗಿರುತ್ತಿದ್ದಳು. ಬೆಳಗಿನ ಮೇವು ಕಡಿಮೆಯಾಗಿ ಅವಳು ಸ್ವಲ್ಪ ಸೊರಗಿದಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಒಂದು ದಿನ ಪಕ್ಕದೂರಿನ ಎಮ್ಮೆಗಳು ನೀರು ಹುಡುಕಿಕೊಂಡು ಅಲ್ಲಿಗೆ ಬಂದವು. ಹೊಸ ಮುಖಗಳನ್ನು ಕಂಡು ನೇರಳೆ ಇಡೀ ಮಧ್ಯಾಹ್ನ ಕತ್ತು ಮೇಲೆತ್ತಲಿಲ್ಲ. ಮರುದಿನ ಕೆರೆಗೆ ಬರುವುದೇ ಇಲ್ಲವೆಂದಳು. ಸುರುಳಿ ಒತ್ತಾಯ ಮಾಡಲಿಲ್ಲ. "ನಾಳೆ ಕೇಳಲಾ?" ಎಂದಳು. "ಕೇಳು" ಎಂದಳು ನೇರಳೆ. ಅದರ ಮರುದಿನ ಬಂದಳು.

ಹೀಗೆ ಬೇಸಿಗೆ ಅರ್ಧ ಕಳೆಯಿತು. ಕಾಡಿಗೆಯ ಪುಟ್ಟ ಕರುವನ್ನು ಮೊದಲ ಸಲ ಕೆರೆಗೆ ಕರೆತರುವ ದಿನ ಬಂತು. ಕರು ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ಕಂಡ ಗಿಡವನ್ನೆಲ್ಲ ಮೂಸುವುದು, ಹಾಲಿಗೆ ಬಾಯಿ ಹಾಕುವುದು. ಹಾಗಾಗಿ ನಾಲ್ವರೂ ಏರಿಯ ಮೇಲೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲರೂ ಆಗಲೇ ನೀರಲ್ಲಿದ್ದರು. ಪಕ್ಕದೂರಿನವರೂ ಇದ್ದರು.

ನೇರಳೆ ನಿಂತಳು.

ಸುರುಳಿಯೂ ನಿಂತಳು. ಅವಳ ಗಂಟಲಲ್ಲಿ ಎಷ್ಟೋ ಮಾತು ಎದ್ದವು. ನುಂಗಿಕೊಂಡಳು. "ಅವರು ಏಳೋ ತನಕ ಕಾಯೋಣ ಅಂದರೆ ಕಾಯೋಣ" ಎಂದಷ್ಟೇ ಹೇಳಿದಳು. "ಹಿಂದಕ್ಕೆ ಹೋಗೋಣ ಅಂದರೂ ಸರಿ."

ನೇರಳೆ ತಮ್ಮನ ಕಡೆ ನೋಡಿದಳು. ಕರು ನೀರನ್ನು ಕಂಡು ಹೆದರಿ ಅಮ್ಮನ ಹೊಟ್ಟೆಯಡಿ ಸೇರಿಕೊಂಡಿತ್ತು. ಆ ಎಳೆ ಮೈಯಿಂದ ಕಾವು ಏಳುತ್ತಿತ್ತು.

"ಕಾಯೋದು ಬೇಡ" ಎಂದಳು ನೇರಳೆ.

ಅವಳು ಇಳಿಜಾರಿಗೆ ಕಾಲಿಟ್ಟಳು. ನೀರಲ್ಲಿದ್ದ ತಲೆಗಳು ಮೇಲೆದ್ದವು. ಪಕ್ಕದೂರಿನ ಒಬ್ಬಳು ಕತ್ತು ಉದ್ದ ಮಾಡಿ ನೋಡಿದಳು. ಇನ್ನೊಬ್ಬಳು ಅವಳ ಕಿವಿಯಲ್ಲಿ ಏನೋ ಹೇಳಿದಳು. ನೇರಳೆಗೆ ಅದು ಕಂಡಿತು. ಕಾಲು ಒಂದು ಸಲ ತಡೆಯಿತು. ಅವಳು ಹಿಂದೆ ತಿರುಗಿ, "ಬಾರೋ ಪುಟ್ಟ, ಇಲ್ಲಿ ಕಲ್ಲಿದೆ, ನೋಡಿಕೊಂಡು ಕಾಲಿಡು" ಎಂದು ತಮ್ಮನನ್ನು ಕರೆದಳು. ಕರು ಅಕ್ಕನ ಬಲಗಡೆಗೆ ಬಂದು, ಆ ಸುಕ್ಕುಗಟ್ಟಿದ ಪಕ್ಕೆಗೇ ಮೈ ಒರಗಿಸಿಕೊಂಡು ಒಂದೊಂದೇ ಹೆಜ್ಜೆ ಇಳಿಯಿತು. ಹುಟ್ಟಿದಾಗಿನಿಂದ ಅದು ಕಂಡಿದ್ದ ಅಕ್ಕ ಅವಳೇ. ಅಕ್ಕನ ಮೈ ಬೇರೆ ಥರ ಇರಬೇಕಿತ್ತು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಇಬ್ಬರೂ ನೀರಿಗಿಳಿದರು. ನೋಡುತ್ತಿದ್ದವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ತಗ್ಗಿಸಿ ತಮ್ಮ ತಮ್ಮ ಮೆಲುಕಿಗೆ ಮರಳಿದರು. ಕಾಡಿಗೆ ಕರುವಿನ ಹಿಂದೆಯೇ ಇಳಿದು ಹೋದಳು.

ಸುರುಳಿ ಮಾತ್ರ ಏರಿಯ ಮೇಲೇ ನಿಂತಿದ್ದಳು. ಬಾಯಿ ಬಿಗಿಹಿಡಿಯುವುದರಲ್ಲಿ ಎಷ್ಟು ಮುಳುಗಿದ್ದಳೆಂದರೆ, ಕಾಲು ಎತ್ತಿಡುವುದನ್ನೇ ಮರೆತಿದ್ದಳು.

ನೇರಳೆ ಕೆರೆಯ ನಡುವಿನಿಂದ ತಿರುಗಿ ನೋಡಿದಳು.

"ಚಿಕ್ಕಮ್ಮ, ಅಲ್ಲೇ ಯಾಕೆ ಒಣಗ್ತಾ ನಿಂತಿದ್ದೀಯ? ನೀರಿಗೆ ಬಾ."

ಸುರುಳಿ ಇಳಿದು ಹೋದಳು.

ನೀತಿ: ನೊಂದವರಿಗೆ ನೆರವಾಗುವ ಮೊದಲು ಏನು ಬೇಕೆಂದು ಅವರನ್ನೇ ಕೇಳಬೇಕು. ಕಲೆಯನ್ನು ಮುಚ್ಚಲು ಹೋಗುವವರಿಗಿಂತ ಪಕ್ಕದಲ್ಲಿ ನಡೆಯುವವರೇ ನಿಜವಾದ ನೆಂಟರು.